ಮಗುಚದೆ ಬಿಟ್ಟ ಹಾಳೆ

ಬೆಳಕು ಹರಿಯುವ ಮುಂಚೆ ಅವಳು ಮುಗಿಸಬೇಕಾದ ಕೆಲಸಗಳು ಇವು. ಅತ್ತೆಯ ಕೋಣೆಯ ಕಿಟಕಿಯನ್ನು ಬೆರಳಗಲ ತೆರೆದು ರಾತ್ರಿಯ ವಾಸನೆಯನ್ನು ಹೊರಗೆ ಕಳಿಸುವುದು. ಒಲೆ ಹಚ್ಚಿ ನೀರಿಡುವುದು. ನೀರು ಕಾಯುವಷ್ಟರಲ್ಲಿ ಅತ್ತೆಯನ್ನು ಒಂದು ಮಗ್ಗುಲಿಗೆ ಹೊರಳಿಸಿ ಹಾಸಿನ ಅರ್ಧವನ್ನು ಸುತ್ತಿ, ಇನ್ನೊಂದು ಮಗ್ಗುಲಿಗೆ ಹೊರಳಿಸಿ ಉಳಿದರ್ಧವನ್ನು ಎಳೆದುಕೊಳ್ಳುವುದು. ಈ ಹೊರಳಾಟಕ್ಕೆ ಅತ್ತೆ ಬೈದರೆ ಬೈಸಿಕೊಳ್ಳುವುದು. ಮೈ ಒರೆಸಿ, ಬೆನ್ನಿನ ಕೆಂಪು ಗುರುತು ನಿನ್ನೆಗಿಂತ ಹರಡಿದೆಯೇ ನೋಡಿ ಮುಲಾಮು ಹಚ್ಚುವುದು. ಒದ್ದೆ ಹಾಸನ್ನು ಬಕೆಟ್ಟಿನಲ್ಲಿ ನೆನೆಹಾಕಿ, ನಿನ್ನೆಯದನ್ನು ಹಿಂಡಿ ಒಣಹಾಕುವುದು. ಗಂಜಿಯನ್ನು ಗಂಟಿಲ್ಲದಂತೆ ಕಲಕಿ, ಆರಿಸಿ, ಚಮಚದಲ್ಲಿ ಕುಡಿಸುವುದು. ಮಧ್ಯಾಹ್ನದ ಅಡುಗೆ ಮಾಡಿ ಮುಚ್ಚಿಡುವುದು. ಗಂಡನ ಚಹಾವನ್ನು ಫ್ಲಾಸ್ಕಿಗೆ ತುಂಬಿ, ಅವನ ಕನ್ನಡಕ ಎಲ್ಲಿದೆಯೋ ಹುಡುಕಿ ತಂದು ಫ್ಲಾಸ್ಕಿನ ಪಕ್ಕ ಇಡುವುದು.

ಈ ನಡುವೆ ಇನ್ನೊಂದು ಚಿಕ್ಕ ಕೆಲಸವಿತ್ತು. ಒಗೆದ ಹಾಸನ್ನು ಹಾಸಿಗೆಗೆ ಹೊದಿಸಿ, ಅದರ ನಾಲ್ಕು ಮೂಲೆಯ ಲಾಡಿಗಳನ್ನು ಮಂಚದ ಕಾಲುಗಳಿಗೆ ಕಟ್ಟುವುದು. ಎಲ್ಲಕ್ಕಿಂತ ಸುಲಭದ ಕೆಲಸ ಅದೇ. ಆದರೆ ಈಚೆಗೆ ಕೆಲವು ದಿನಗಳಿಂದ ಅವಳಿಗೆ ಅದೊಂದೇ ಕಷ್ಟವಾಗಿತ್ತು. ಲಾಡಿ ಹಿಡಿದ ಕೈ ಹಾಗೇ ನಿಂತುಬಿಡುತ್ತಿತ್ತು.

"ಏನಾಗಿದೆ ನಿನಗೆ," ಅಂದರು ಅತ್ತೆ, ಮಲಗಿದಲ್ಲಿಂದಲೇ. "ನಾಲ್ಕು ಲಾಡಿ ಕಟ್ಟೋಕೆ ಇಷ್ಟು ಹೊತ್ತಾ? ನಾನೇನು ದೋಣಿನಾ, ಕಟ್ಟದೇ ಇದ್ರೆ ತೇಲಿಹೋಗೋಕೆ?"

"ಕೈ ಜೋಮು ಹಿಡಿದಿದೆ ಅತ್ತೆ."

"ಜೋಮಂತೆ. ಗಂಟು ಗಟ್ಟಿಯಾಗಿ ಹಾಕು. ಹೊಲಿದವಳು ಪುಣ್ಯಾತ್ಗಿತ್ತಿ. ಒಂದು ಹೊಲಿಗೇನೂ ಬಿಟ್ಟಿಲ್ಲ ನೋಡು ಇನ್ನೂ."

ಅದೇ ಅವಳಿಗೆ ಚುಚ್ಚುತ್ತಿದ್ದದ್ದು. ಹಾಸು ಹೊಲಿದುಕೊಟ್ಟವರು ಹೊಲಿಗೆ ಬೀದಿಯ ಟೈಲರಮ್ಮ. ಯಾರೂ ಕೇಳಿರಲಿಲ್ಲ, ಅವರಾಗಿಯೇ ಮಂಚದ ಅಳತೆ ತರಿಸಿಕೊಂಡು ಆರು ಹಾಸು ಹೊಲಿದು, ಮಡಿಸಿ, ಕಾಗದದಲ್ಲಿ ಸುತ್ತಿ ತಂದುಕೊಟ್ಟಿದ್ದರು. ಅವಳು ಮಾಡಿಕೊಟ್ಟ ಒಂದು ಉಪಕಾರಕ್ಕೆ ಪ್ರತಿಯಾಗಿ. ಆ ಉಪಕಾರ ಮಾತ್ರ ಸುಳ್ಳಾಗಿತ್ತು.

*

ಚರ್ಚಿನ ಹಿಂಬದಿಯ ದಾಖಲೆ ಕೋಣೆಯಲ್ಲಿ ಅವಳಿಗೆ ವಾರದಲ್ಲಿ ನಾಲ್ಕು ಬೆಳಗಿನ ಕೆಲಸ. ಹಳೆಯ ರಿಜಿಸ್ಟರುಗಳು ಅಲ್ಲಿದ್ದವು: ಹುಟ್ಟಿದ ಮಕ್ಕಳ ದೀಕ್ಷಾಸ್ನಾನದವು, ಮದುವೆಯವು, ಮಣ್ಣಿಗಿಟ್ಟವರವು. ಗೋಡೆಯ ಕಪಾಟಿನಲ್ಲಿ ಹಗ್ಗ ಕಟ್ಟಿದ ಉಯಿಲುಗಳ ಕಟ್ಟುಗಳು. ತಮ್ಮ ಅಜ್ಜನ ಅಪ್ಪ ಯಾರು, ಮುತ್ತಜ್ಜಿ ಯಾವ ಮನೆಯವಳು ಎಂದು ಹುಡುಕಿಕೊಂಡು ಬಂದವರಿಗೆ ಅವಳು ಪುಟ ತೆಗೆದು, ಓದಿ, ಸಿಕ್ಕಿದ್ದನ್ನು ಒಂದು ಕಾರ್ಡಿಗೆ ಬರೆದಿಡುತ್ತಿದ್ದಳು. ಬದುಕಿದ್ದವರ ವಿಳಾಸ ಅಂಚೆಯವನಿಗೆ ಗೊತ್ತು, ಸತ್ತವರದ್ದು ರಿಜಿಸ್ಟರಮ್ಮನಿಗೆ ಎಂದು ಜನ ನಗುತ್ತಿದ್ದರು. ಹೀಗೆ ಅವಳ ಹೆಸರೇ ರಿಜಿಸ್ಟರಮ್ಮ ಆಗಿತ್ತು.

ಕಾರ್ಡು ಬರೆಯುವುದಕ್ಕೆ ಒಂದು ಕಟ್ಟುನಿಟ್ಟಿತ್ತು. ತಪ್ಪಾದರೆ ಅಳಿಸುವಂತಿಲ್ಲ, ಕಾರ್ಡು ಹರಿದು ಹೊಸದು ಬರೆಯುವಂತಿಲ್ಲ. ತಪ್ಪಿನ ಮೇಲೆ ಒಂದೇ ಗೆರೆ ಎಳೆಯಬೇಕು, ಕೆಳಗಿನ ತಪ್ಪು ಓದಲು ಬರುವಂತಿರಬೇಕು. ಸರಿಯಾದದ್ದನ್ನು ಪಕ್ಕದಲ್ಲಿ ಬರೆದು, ತಪ್ಪು ಮಾಡಿದವರು ತಮ್ಮ ಪೂರ್ತಿ ಹೆಸರು ಹಾಕಿ ರುಜು ಮಾಡಬೇಕು. ಇಷ್ಟು ವರ್ಷಗಳಲ್ಲಿ ಅವಳು ಒಮ್ಮೆಯೂ ಗೆರೆ ಎಳೆದಿರಲಿಲ್ಲ. ಅದರ ಬಗ್ಗೆ ಅವಳಿಗೆ ಒಳಗೊಳಗೇ ಜಂಬವಿತ್ತು.

ಆ ಕೋಣೆಯಲ್ಲಿ ಯಾರೂ ಅವಳನ್ನು ಕೂಗುತ್ತಿರಲಿಲ್ಲ. ಅಲ್ಲಿಯ ಧೂಳು ಕೂಡ ಅವಳದ್ದಲ್ಲ; ಒರೆಸಿದರೆ ಒರೆಸಬಹುದು, ಬಿಟ್ಟರೆ ಕೇಳುವವರಿಲ್ಲ. ಹಳೆಯ ಗುಮಾಸ್ತರ ಬರವಣಿಗೆ ಓದುತ್ತಾ ಅವಳಿಗೆ ಕೆಲವೊಮ್ಮೆ ಸಿಟ್ಟು, ಕೆಲವೊಮ್ಮೆ ನಗು. ಗಂಡಸು ಸತ್ತರೆ ಅವನ ಹೆಸರು, ಅಪ್ಪನ ಹೆಸರು, ಕಸುಬು, ಹೊಲದ ಮೇರೆ, ಬಿಟ್ಟುಹೋದ ಕುಂಟು ಕುದುರೆಯ ಬಣ್ಣ ಸಹಿತ ಬರೆದಿರುತ್ತಿದ್ದರು. ಹೆಂಗಸು ಸತ್ತರೆ 'ಕುಂಬಾರನ ಹೆಂಡತಿ', 'ಗಾಣದವನ ತಾಯಿ', 'ಕಮ್ಮಾರನ ವಿಧವೆ'. ಇಂಥ ಮೂರು ಮಾತುಗಳಲ್ಲೇ ಊರಿನ ಹೆಂಗಸರೆಲ್ಲ ಬದುಕಿ ಸತ್ತುಹೋಗಿದ್ದರು. ಅವರ ಪೈಕಿ ಒಬ್ಬಳನ್ನಾದರೂ ಹುಡುಕಿ ತೆಗೆದ ದಿನ ಅವಳು ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಏನೋ ಗುನುಗುತ್ತಿದ್ದಳು.

ಟೈಲರಮ್ಮ ಮೊದಲ ಸಲ ಬಂದದ್ದು ಎರಡು ವರ್ಷದ ಹಿಂದೆ. ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ಇತ್ತು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ದಿನವಿಡೀ ಕೂತೇ ಇರ್ತೀನಿ, ನಿಂತ್ಕೊಂಡೇ ಹೇಳ್ತೀನಿ," ಅಂದರು. "ನಮ್ಮಜ್ಜಿಯ ಅಮ್ಮ ಕಮ್ಮಾರರ ಮನೆ ಸೊಸೆಯಂತೆ. ಗಂಡ ಸತ್ತು ಇನ್ನೂ ಕಣ್ಣೀರು ಆರಿರಲಿಲ್ಲ, ಅತ್ತೆ ಅನ್ನಿಸಿಕೊಂಡವಳು ಮಗು ಸಮೇತ ಆಚೆ ಹಾಕಿದ್ಲಂತೆ. ಸೊಂಟದಲ್ಲಿ ಮಗು, ಕೈಯಲ್ಲಿ ಗಂಡ ಮಾಡಿಕೊಟ್ಟ ಒಂದು ಕತ್ತರಿ. ಆ ಕತ್ತರಿಯಿಂದ ನಮ್ಮ ಮನೆ ಹೆಂಗಸರೆಲ್ಲ ಬದುಕಿದ್ದು. ನಾನೂ ಸೇರಿ."

"ಏನು ಗೊತ್ತಾಗಬೇಕು ನಿಮಗೆ?"

"ಎಲ್ಲಿ ಮಲಗಿದಾಳೆ ಅಂತ. ಅಷ್ಟು ಸಾಕಮ್ಮ. ನಂಗೆ ಹಿಂದೆ ಮುಂದೆ ಯಾರೂ ಇಲ್ಲ. ಹೋಗಿ ಕೂತು ಮಾತಾಡೋಕೆ ನಮ್ಮವರು ಅಂತ ಒಂದು ಜಾಗ ಬೇಕು."

ಮಗುವಿನ ದೀಕ್ಷಾಸ್ನಾನ ಬೇಗ ಸಿಕ್ಕಿತು. ಕಮ್ಮಾರನ ಮಗನ ಮದುವೆ ಸಿಕ್ಕಿತು, ಅವನ ಸಾವೂ ಸಿಕ್ಕಿತು. ಕೊನೆಗೆ, ಜ್ವರ ಬಂದು ಊರೇ ಮಲಗಿದ ಒಂದು ಚಳಿಗಾಲದ ಪುಟಗಳಲ್ಲಿ ಅವಳ ಬೆರಳು ನಿಂತಿತು. 'ಕಮ್ಮಾರನ ವಿಧವೆ. ಉತ್ತರದ ಗೋಡೆಯ ಸಾಲು, ಕಲ್ಲುಕಂಬದ ಪಕ್ಕ.' ಪುಟದ ಕೊನೆಯ ಸಾಲು ಅದು.

ಆಗ ಫೋನು ಬಂತು. ಗಂಡ.

"ಅಮ್ಮ ಒದ್ದೆ ಮಾಡ್ಕೊಂಡಿದಾಳೆ. ಬೇಗ ಬಾ."

"ನೀವು ಎಲ್ಲಿದೀರಿ?"

"ಎಲ್ಲಿ ಅಂದ್ರೆ? ಇಲ್ಲೇ, ಪಕ್ಕದಲ್ಲೇ ನಿಂತಿದೀನಿ."

ಊರವರ ನೀರಿನ ಮೀಟರು ಓದಿ ನಿವೃತ್ತನಾದ ಮನುಷ್ಯ. ಯಾವ ಮನೆಯಲ್ಲಿ ಎಲ್ಲಿ ನೀರು ಸೋರುತ್ತದೆ ಎಂದು ಬಾಗಿಲಲ್ಲೇ ನಿಂತು ಹೇಳುತ್ತಿದ್ದವನು. ಸ್ವಂತ ತಾಯಿಯ ಹಾಸು ಬದಲಾಯಿಸಲು ಊರಿನ ಆ ತುದಿಯಿಂದ ಹೆಂಡತಿಯನ್ನು ಕರೆಸುತ್ತಿದ್ದ. ಅವಳು ರಿಜಿಸ್ಟರು ಮುಚ್ಚಿ ಎದ್ದಳು.

ತಪ್ಪು ಆದದ್ದು ಆ ಫೋನಿನಿಂದ ಎಂದು ಅವಳು ತುಂಬ ದಿನ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳಲು ಹಿತವಾಗಿತ್ತು. ಆದರೆ ನಿಜ ಬೇರೆ. ಆ ರಿಜಿಸ್ಟರಿನ ಕಾಗದ ತೆಳು, ಶಾಯಿ ಗಾಢ. ಹಿಂದಿನ ಬದಿಯ ಬರವಣಿಗೆ ಈಚೆ ಬದಿಗೆ ಮಬ್ಬಾಗಿ ಮೂಡಿತ್ತು. ರಿಜಿಸ್ಟರು ಮುಚ್ಚುವ ಮೊದಲು, ತಿರುಗುಮುರುಗಾಗಿ ಮೂಡಿದ್ದ ಮೊದಲ ಪದವನ್ನು ಅವಳು ಕಂಡಿದ್ದಳು. ಅದೂ 'ಕಮ್ಮಾರನ' ಎಂದೇ ಇತ್ತು. ಹಾಳೆ ಮಗುಚಲು ಎಷ್ಟು ಹೊತ್ತು ಬೇಕು? ನಾಳೆ ನೋಡಿದರಾಯಿತು ಅಂದುಕೊಂಡಳು. ಹೊರಗೆ ಬಂದರೆ ಗೇಟಿನ ಹತ್ತಿರ ಟೈಲರಮ್ಮ ನಿಂತಿದ್ದರು. ಆ ಮುಖ ನೋಡಿ ಅವಳಿಗೆ ತಡೆಯಲಾಗಲಿಲ್ಲ. ಒಳ್ಳೆಯ ಸುದ್ದಿ ಕೊಡುವವಳು ತಾನಾಗಬೇಕು ಅನ್ನಿಸಿತು. ಮನೆಯಲ್ಲಿ ಅವಳು ಕೊಡುವುದೆಲ್ಲ ಗಂಜಿ, ಮುಲಾಮು, ಮಾತ್ರೆ. ಅವಳ ಮಾತಿಗಾಗಿ ಒಬ್ಬರು ಹೀಗೆ ಬಾಗಿಲಲ್ಲಿ ಕಾಯುವುದು ಎಲ್ಲಿತ್ತು?

"ಸಿಕ್ಕಿದ್ರು," ಅಂದಳು. "ಕಂಬದ ಪಕ್ಕ."

ಮಾರನೆಯ ದಿನ ಬರುವಷ್ಟರಲ್ಲಿ ಟೈಲರಮ್ಮ ಕಂಬದ ಪಕ್ಕದ ಕಳೆ ಕಿತ್ತು, ಎರಡು ಹೂವಿನ ಸಸಿ ನೆಟ್ಟಾಗಿತ್ತು. ಅವಳು ಕಾರ್ಡು ಬರೆದು ಡಬ್ಬಿಗೆ ಹಾಕಿದಳು. ಆ ರಿಜಿಸ್ಟರನ್ನು ಕಪಾಟಿನ ಮೇಲಿನ ಅಂತಸ್ತಿಗೆ ಇಟ್ಟಳು. ಹಾಳೆ ಮಗುಚಲಿಲ್ಲ.

*

ಎರಡು ವರ್ಷ ಟೈಲರಮ್ಮ ಆ ಸಮಾಧಿಯನ್ನು ಮಗುವಿನಂತೆ ನೋಡಿಕೊಂಡರು. ಮಂಡಿ ನೋವಿಗೆ ತಾವೇ ಹೊಲಿದುಕೊಂಡ ಒಂದು ದಿಂಬು, ಅದರ ಮೇಲೆ ಕೂತು ಹುಲ್ಲು ಕತ್ತರಿಸುವುದು. ಯಾರ ಬ್ಲೌಸಿನ ತೋಳು ಬಿಗಿಯಾಯಿತು, ಯಾವ ಮದುಮಗಳು ತೆಳ್ಳಗೆ ಕಾಣಲು ಊಟ ಬಿಟ್ಟು ತಲೆ ತಿರುಗಿ ಬಿದ್ದಳು, ಎಲ್ಲವನ್ನೂ ಮಣ್ಣಿಗೆ ಹೇಳುವುದು. ದಾಖಲೆ ಕೋಣೆಯ ಕಿಟಕಿಗೆ ಅದೆಲ್ಲ ಕೇಳಿಸುತ್ತಿತ್ತು.

ಕಳೆದ ವಾರ ಒಬ್ಬ ಮೇಷ್ಟರು ತಮ್ಮ ಕುಂಬಾರ ಪೂರ್ವಿಕನ ಉಯಿಲು ಬೇಕೆಂದು ಬಂದರು. ಅವಳು ಆ ಜ್ವರದ ಚಳಿಗಾಲದ ಕಟ್ಟು ಬಿಚ್ಚಿದಳು. ಕುಂಬಾರನದ್ದರ ಕೆಳಗೆ ಇನ್ನೊಂದು ಕಾಗದವಿತ್ತು. ಕೆಳಗೆ ಶಿಲುಬೆಯ ಗುರುತು ಹಾಕಿದ್ದ, ಓದುಬರಹ ಬಾರದ ಹೆಂಗಸೊಬ್ಬಳು ಹೇಳಿ ಬರೆಸಿದ ಉಯಿಲು. ಕಮ್ಮಾರನ ವಿಧವೆಯದ್ದು.

ಕಬ್ಬಿಣ ಬಡಿಯುವ ಅಡಿಗಲ್ಲೂ ಸುತ್ತಿಗೆಗಳೂ ಉಳಿದಿರುವ ಮಗನಿಗೆ. ಕಬ್ಬಿಣದ ಒಲೆ ಮಗಳಿಗೆ. ಉಣ್ಣೆಯ ಹೊದಿಕೆ ಪಾದ್ರಿಗಳ ಅಡುಗೆಯವಳಿಗೆ. ಆಮೇಲೆ: 'ಸತ್ತ ಮಗನ ಹೆಂಡತಿಗೆ ಏನೂ ಇಲ್ಲ. ನನ್ನ ಮನೆಯಲ್ಲಿ ಬೇಕಾದಷ್ಟು ಉಂಡಿದ್ದಾಳೆ. ನನ್ನನ್ನು ಉತ್ತರದ ಗೋಡೆಯ ಸಾಲಿನಲ್ಲಿ, ಕಲ್ಲುಕಂಬದ ಪಕ್ಕ ಮಣ್ಣು ಮಾಡಬೇಕು. ಅವಳು ನನ್ನ ಸಾಲಿನಲ್ಲಿ ಮಲಗಕೂಡದು.'

ಮೇಷ್ಟರು ಏನೋ ಕೇಳುತ್ತಿದ್ದರು. ಅವಳು ಅವರ ಉಯಿಲನ್ನು ಕೈಗಿಟ್ಟು, ಸ್ಟೂಲು ಹತ್ತಿ, ಮೇಲಿನ ಅಂತಸ್ತಿನಿಂದ ಆ ರಿಜಿಸ್ಟರು ಇಳಿಸಿ ಹಾಳೆ ಮಗುಚಿದಳು.

'ಕಮ್ಮಾರನ ವಿಧವೆ, ಕಿರಿಯಳು. ಹೊರಸಾಲು, ಗೇಟಿನ ಬಲಕ್ಕೆ.'

ಹೊರಸಾಲು ಈಗಿಲ್ಲ. ಅಲ್ಲಿ ಕಲ್ಲು ಹಾಸಿ ಎಷ್ಟೋ ಕಾಲವಾಯಿತು. ಭಾನುವಾರ ಬರುವವರು ಅಲ್ಲಿ ಸೈಕಲ್ಲು, ಸ್ಕೂಟರು ನಿಲ್ಲಿಸುತ್ತಾರೆ. ಅವಳೂ ದಿನಾ ಆ ಕಲ್ಲುಗಳ ಮೇಲೆ ನಡೆದು ಬಂದು, ಅಲ್ಲೇ ನಿಂತು ಚಪ್ಪಲಿಯ ಕೆಸರು ಕೊಡವಿಕೊಳ್ಳುತ್ತಿದ್ದಳು.

ಅಂದರೆ ಎರಡು ವರ್ಷದಿಂದ ಟೈಲರಮ್ಮ ತಮ್ಮ ನೋಯುವ ಮಂಡಿಯೂರಿ ಹೂ ಬೆಳೆಸಿದ್ದು ಮುತ್ತಜ್ಜಿಗಲ್ಲ. ಮುತ್ತಜ್ಜಿಯನ್ನು ಹೊರಗೆ ಹಾಕಿದ ಅತ್ತೆಗೆ.

*

ಅವಳು ಮೊದಲು ಹೇಳಿದ್ದು ಚರ್ಚಿನ ಕಾರ್ಯದರ್ಶಿಗೆ. ಕೆಟ್ಟ ಮನುಷ್ಯನಲ್ಲ. ಭಾರದ ಕಟ್ಟುಗಳನ್ನು ತಾನೇ ಇಳಿಸಿಕೊಡುತ್ತಿದ್ದ, ಬಿಸ್ಕತ್ತು ತಂದರೆ ಅವಳಿಗೂ ಎರಡು ಎತ್ತಿಡುತ್ತಿದ್ದ.

"ಯಾರ್ಯಾರಿಗೆ ಗೊತ್ತು ಇದು?" ಅಂದ.

"ನನಗೆ. ಈಗ ನಿಮಗೆ."

"ನನಗೆ ಗೊತ್ತಿಲ್ಲ ಅಂದ್ಕೊಳ್ಳಿ." ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದ. "ನೋಡಿ ರಿಜಿಸ್ಟರಮ್ಮ, ಸತ್ತವರು ನನ್ನ ಜಾಗ ತಪ್ಪಾಗಿದೆ ಅಂತ ಅರ್ಜಿ ಹಾಕಲ್ಲ. ಬದುಕಿದ್ದವರಿಗೆ ಸಮಾಧಾನ ಆಗಿದೆ. ಮತ್ತೇನು?"

"ತಪ್ಪು ನನ್ನದಲ್ವಾ?"

"ತಪ್ಪು ಅಂತ ನೀವು ಕಾರ್ಡಿನ ಮೇಲೆ ಬರೆದ್ರೆ ಚರ್ಚಿನ ಸಮಿತಿಯವರು ನೋಡ್ತಾರೆ. ಅವರು ಮೊದಲೇ ಈ ಕೋಣೆ ಖಾಲಿ ಮಾಡಿಸಿ ಮಡಚೋ ಕುರ್ಚಿ ಇಡೋಣ ಅಂತ ಕಾಯ್ತಿದಾರೆ. ಒಂದು ಕಾರ್ಡು ತಪ್ಪು ಅಂದ್ರೆ ಎಲ್ಲಾ ಕಾರ್ಡೂ ತಪ್ಪು ಅಂತಾರೆ. ಆಮೇಲೆ ನೀವು ಮನೇಲಿ, ನಾನು ಕುರ್ಚಿಗಳ ಜೊತೆ." ಬಿಸ್ಕತ್ತು ಮುರಿದು ಚಹಾದೊಳಗೆ ಬಿತ್ತು. ಅವನು ಅದನ್ನೇ ನೋಡುತ್ತಾ ಕೂತ. "ಬೇಡ ಬಿಡಿ," ಅಂದ.

ನೀವು ಮನೇಲಿ ಎಂಬ ಮಾತು ಅವಳೊಳಗೆ ಇಳಿಯಿತು. ವಾರದ ಏಳೂ ಬೆಳಗು ಮನೆಯಲ್ಲಿ. ಮುಲಾಮು, ಬಕೆಟ್ಟು, ಕನ್ನಡಕ. ಅವಳು ಸುಮ್ಮನಾದಳು. ಸುಮ್ಮನಾದದ್ದಕ್ಕೆ ಒಂದು ಒಳ್ಳೆಯ ಹೆಸರೂ ಸಿಕ್ಕಿತು: ಟೈಲರಮ್ಮನ ಮನಸ್ಸು ನೋಯಿಸಬಾರದು.

ಈ ಹೆಸರು ನಿಂತದ್ದು ಮಂಗಳವಾರದವರೆಗೆ. ಅಂದು ಟೈಲರಮ್ಮ ಕಿಟಕಿಯ ಹೊರಗಿನಿಂದ ಕೂಗಿದರು.

"ರಿಜಿಸ್ಟರಮ್ಮ, ಒಂದು ಗಳಿಗೆ ಬಾಮ್ಮ."

ಅವರು ದಿಂಬಿನ ಮೇಲೆ ಮಂಡಿಯೂರಿ, ಅದೇ ಹಳೆಯ ಕತ್ತರಿಯಲ್ಲಿ ಸಮಾಧಿಯ ಅಂಚಿನ ಹುಲ್ಲು ಕತ್ತರಿಸುತ್ತಿದ್ದರು. ಈಚೆಗೆ ಇಳಿದುಹೋಗಿದ್ದರು. ಹೊಲಿದವರು ಅವರೇ ಆದರೂ ಕುಪ್ಪಸ ಬೇರೆಯವರದ್ದರಂತೆ ಭುಜದಿಂದ ಜಾರುತ್ತಿತ್ತು.

"ಇವತ್ತು ಇವಳಿಗೆ ಕೂದಲು ಕತ್ತರಿಸೋ ದಿನ," ಅಂದರು. ಕೆಮ್ಮು ಬಂತು. ನಿಲ್ಲುವವರೆಗೂ ಕಂಬ ಹಿಡಿದುಕೊಂಡರು. "ಡಾಕ್ಟ್ರು ನನ್ನ ಎದೆ ಫೋಟೋ ನೋಡಿ, ಎಷ್ಟು ವರ್ಷದಿಂದ ಹೊಲೀತಿದೀರಿ ಅಂತ ವಿಚಾರಿಸಿದ್ರು. ಮಾತು ಬದಲಾಯಿಸೋ ಡಾಕ್ಟ್ರು ಅಂದ್ರೆ ಗೊತ್ತಲ್ಲ ನಿಂಗೆ."

"ಹಾಗೆಲ್ಲ ಅನ್ನಬೇಡಿ."

"ಅನ್ನದೇ ಇದ್ರೆ ವಾಸಿ ಆಗತ್ತಾ? ಕೇಳು. ಉಯಿಲು ಬರೆಸ್ತಿದೀನಿ. ಅದರಲ್ಲೇನಿದೆ, ಒಂದು ಮಿಷಿನ್ನು, ಒಂದು ಇಸ್ತ್ರಿಪೆಟ್ಟಿಗೆ, ಈ ಕತ್ತರಿ. ಮುಖ್ಯವಾದದ್ದು ಇದು." ಸಮಾಧಿಯ ಪಕ್ಕದ ಖಾಲಿ ನೆಲವನ್ನು ಮಗುವಿನ ಬೆನ್ನು ತಟ್ಟಿದಂತೆ ತಟ್ಟಿದರು. "ನನ್ನನ್ನ ಇಲ್ಲಿ, ಇವಳ ಪಕ್ಕ ಮಲಗಿಸಬೇಕು ಅಂತ ಬರೆಸ್ತೀನಿ. ಸಾಕ್ಷಿ ರುಜು ನಿಂದೇ ಆಗಬೇಕು. ಶುಕ್ರವಾರ ನಮ್ಮನೆಗೆ ಬಂದು ಹಾಕು. ಇವಳನ್ನ ಹುಡುಕಿಕೊಟ್ಟವಳು ನೀನು ತಾನೆ?"

"ಟೈಲರಮ್ಮ, ನಿಮಗೊಂದು ಮಾತು ಹೇಳಬೇಕಿತ್ತು."

"ಹಾಸು ಹರಿದುಹೋಯ್ತಾ? ತಗೊಂಡ್ ಬಾ. ಕೈಯಲ್ಲಿ ಶಕ್ತಿ ಇರೋವಾಗಲೇ ಇನ್ನೆರಡು ಹೊಲಿದುಬಿಡ್ತೀನಿ."

"ಇಲ್ಲ. ಲಾಡಿ ಗಟ್ಟಿಯಾಗೇ ಇವೆ."

"ಇರ್ಲೇಬೇಕು. ಎರಡೆರಡು ಸಲ ಹೊಲಿಗೆ ಹಾಕಿದೀನಿ." ಟೈಲರಮ್ಮ ನಕ್ಕರು. "ದಿನಾ ಇವಳ ಹತ್ರ ಇವಳ ಅತ್ತೆಯನ್ನ ಬೈತೀನಿ ಗೊತ್ತಾ? ಆ ಹಾಳು ಮುದುಕಿ ನಿನ್ನನ್ನ ಎಷ್ಟು ಗೋಳು ಹೊಯ್ಕೊಂಡ್ಲು ಅಂತ. ಬಾಯಿ ತುಂಬ ಬೈತೀನಿ. ಕೇಳಿಸಿಕೊಂಡು ಪಾಪ, ಇವಳಿಗೂ ಹೊಟ್ಟೆ ತಣ್ಣಗಾಗತ್ತೆ."

ಬೇರೆ ಯಾರಾದರೂ ಇದನ್ನು ಹೇಳಿದ್ದರೆ ಅವಳು ಬಿದ್ದುಬಿದ್ದು ನಗುತ್ತಿದ್ದಳೇನೋ. ಈಗ ಕಾಲ ಕೆಳಗೆ ಯಾರೋ ಕಿವಿಗೊಟ್ಟು ಕೇಳುತ್ತಿರುವಂತೆ ಅನ್ನಿಸಿ, ಕೆಲಸವಿದೆ ಎಂದು ಒಳಗೆ ಓಡಿದಳು.

*

ಗುರುವಾರ ಸಂಜೆ ಅತ್ತೆಗೆ ಗಂಜಿ ಕುಡಿಸುತ್ತಾ ಕೂತಿದ್ದಳು. ಹಜಾರದಲ್ಲಿ ಗಂಡ ರೇಡಿಯೊ ತಿರುಗಿಸುತ್ತಿದ್ದ. ನಾಳೆ ರುಜು ಹಾಕಿದರೆ ಏನು, ಹಾಕದಿದ್ದರೆ ಏನು ಎಂದು ಯೋಚಿಸಿ ಯೋಚಿಸಿ ಅವಳ ತಲೆ ಕಲಸಿದ ಹಿಟ್ಟಾಗಿತ್ತು. ಹೇಳಿದರೆ ಟೈಲರಮ್ಮನಿಗೆ ಸಿಗುವುದೇನು? ಸ್ಕೂಟರು ನಿಲ್ಲಿಸುವ ಕಲ್ಲುಹಾಸು. ಹೇಳದಿದ್ದರೆ ನೆಮ್ಮದಿಯಾಗಿ ಕಣ್ಣು ಮುಚ್ಚುತ್ತಾರೆ. ಹೇಳದಿರುವುದೇ ಕರುಣೆ. ಆದರೆ ಈ ಕರುಣೆಯಲ್ಲಿ ತನ್ನ ನಾಲ್ಕು ಬೆಳಗೂ ಉಳಿಯುತ್ತವೆ. ತನಗೂ ಇಷ್ಟು ಅನುಕೂಲವಾಗುವ ಕರುಣೆಯನ್ನು ಅವಳಿಗೆ ನಂಬಲಾಗುತ್ತಿರಲಿಲ್ಲ.

"ಅತ್ತೆ, ಒಂದು ಕೇಳ್ಲಾ?"

"ಕೇಳು. ಎದ್ದು ಓಡಿಹೋಗೋಕಂತೂ ಆಗಲ್ಲ ನನಗೆ."

"ಸತ್ತ ಮೇಲೆ ಪಕ್ಕದಲ್ಲಿ ಯಾರಿದಾರೆ ಅನ್ನೋದು ಅಷ್ಟೊಂದು ಮುಖ್ಯವಾ?"

ಅತ್ತೆ ಚಮಚವನ್ನು ನಾಲಿಗೆಯಿಂದ ತಳ್ಳಿದರು. "ಯಾಕೆ, ನನ್ನ ಪಕ್ಕ ಮಲಗೋ ಆಸೆನಾ? ಸತ್ತ ಮೇಲೂ ಹಾಸು ಬದಲಾಯಿಸ್ತೀಯಾ?"

"ನಿಮ್ಮ ಜಾಗ ಮಾವನವರ ಪಕ್ಕ ಅಲ್ವಾ."

"ಹೌದು. ಅವರೇ ನೋಡಿ ಗೊತ್ತು ಮಾಡಿಟ್ಟಿದ್ರು. ಗೋಡೆ ಕಡೆ ಅವರಿಗೆ, ದಾರಿ ಕಡೆ ನನಗೆ." ಅತ್ತೆ ತುಟಿಗೆ ಅಂಟಿದ ಗಂಜಿ ನೆಕ್ಕಿಕೊಂಡರು. "ಮನೇಲೂ ಹಾಗೇ ತಾನೆ. ಗೋಡೆ ಕಡೆ ಅವರು, ಬಾಗಿಲ ಕಡೆ ನಾನು. ರಾತ್ರಿ ಮಗು ಅತ್ತರೆ ಅವರ ನಿದ್ದೆ ಕೆಡದ ಹಾಗೆ ಎದ್ದು ಹೋಗೋಕೆ."

"ನಿಮಗೆ ಇಷ್ಟ ಇಲ್ವಾ ಅಲ್ಲಿ?"

"ಇಷ್ಟ ಇದೆಯೋ ಇಲ್ಲವೋ, ಯಾರಿಗೆ ಗೊತ್ತು? ಯಾರ ಪಕ್ಕ ಮಲಗ್ತೀಯ ಅಂತ ಮದುವೇಲೂ ಕೇಳಲಿಲ್ಲ, ಈ ಜಾಗಕ್ಕೂ ಕೇಳಲಿಲ್ಲ. ಕೇಳಿದ್ರೆ ಅಲ್ಲೇ ಇರಲಿ ಅಂತಲೇ ಅಂತಿದ್ದೆನೋ ಏನೋ." ಅವರು ಬಾಯಿ ತೆರೆದರು, ಗಂಜಿಗೆ. ನುಂಗಿ, ಅಂದರು: "ಕೇಳಬೇಕಿತ್ತು ಅಷ್ಟೇ."

ಅವಳ ಕೈಯಲ್ಲಿ ಚಮಚ ನಿಂತಿತು.

"ಮತ್ತೆ ಜೋಮಾ?" ಅಂದರು ಅತ್ತೆ. "ಕುಡಿಸು, ಆರಿಹೋಗತ್ತೆ."

*

ಶುಕ್ರವಾರ ಅವಳು ಎಲ್ಲ ಕೆಲಸವನ್ನೂ ಮಾಡಿದಳು, ಕನ್ನಡಕ ಹುಡುಕುವುದೊಂದನ್ನು ಬಿಟ್ಟು. ಲಾಡಿಗಳನ್ನು ಕಟ್ಟುವಾಗ ಗಂಡನನ್ನು ಕೋಣೆಗೆ ಕರೆದಳು.

"ಇವತ್ತು ನಾನು ಬರೋದು ತಡ ಆಗತ್ತೆ. ಒಗೆದ ಹಾಸು ಈ ಕಪಾಟಲ್ಲಿದೆ. ನಾಲ್ಕು ಮೂಲೆ, ನಾಲ್ಕು ಲಾಡಿ. ನೋಡ್ಕೊಳ್ಳಿ."

"ನಾನಾ?" ಅಂದ ಗಂಡ.

"ಕನ್ನಡಕ ಹಾಕ್ಕೊಂಡ್ರೆ ಕಾಣ್ಸತ್ತೆ. ನೀರಿನ ಮೀಟರಿಗಿಂತ ಸುಲಭ."

ಮಂಚದ ಮೇಲೆ ಅತ್ತೆ ಗೋಡೆಯ ಕಡೆ ತಿರುಗಿದ್ದರು. ಅವರ ಭುಜ ಅಲುಗಿದ್ದು ನಗುವಿನಿಂದಲೋ ಕೆಮ್ಮಿನಿಂದಲೋ ಅವಳಿಗೆ ಗೊತ್ತಾಗಲಿಲ್ಲ.

ದಾಖಲೆ ಕೋಣೆಯಲ್ಲಿ ಇನ್ನೂ ಯಾರೂ ಇರಲಿಲ್ಲ. ಅವಳು ಡಬ್ಬಿಯಿಂದ ಕಾರ್ಡು ತೆಗೆದಳು. ಎರಡು ವರ್ಷದ ಹಿಂದಿನ ತನ್ನ ಅಕ್ಷರ, ದುಂಡಗೆ, ಖುಷಿಯಿಂದ ಬರೆದದ್ದು. ಇದನ್ನು ಹೀಗೇ ಬಿಟ್ಟು ಟೈಲರಮ್ಮನ ಮನೆಗೆ ಹೋದರೆ ಏನಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಬಾಗಿಲಲ್ಲಿ ಆ ಮುಖ ಕಾಣುತ್ತದೆ. ಅವರು ಚಹಾ ಇಡುತ್ತಾರೆ, ಹಾಸಿನ ವಿಷಯ ಕೇಳುತ್ತಾರೆ. ತನ್ನ ನಾಲಿಗೆ ಮತ್ತೆ ಲಾಡಿ ಗಟ್ಟಿಯಾಗೇ ಇವೆ ಅನ್ನುತ್ತದೆ. ತನ್ನ ಬಾಯಿಯನ್ನು ಅವಳು ನಂಬುವಂತಿರಲಿಲ್ಲ. ಆದ್ದರಿಂದ ಹೊರಡುವ ಮುಂಚೆಯೇ, ಹಿಂದಕ್ಕೆ ಬರಲಾಗದಂತೆ, ಇಲ್ಲೇ ಮಾಡಬೇಕಿತ್ತು.

ಆದರೂ ಪೆನ್ನು ಹಿಡಿದು ಬಹಳ ಹೊತ್ತು ಕೂತಳು. ಕಿಟಕಿಯಾಚೆ ಕಂಬದ ಪಕ್ಕ ಟೈಲರಮ್ಮನ ಸಸಿಗಳು ಮೊಗ್ಗು ಬಿಟ್ಟಿದ್ದವು. ಎಷ್ಟು ಹೆಂಗಸರ ಕೆಲಸ ಹೀಗೆ ಯಾರದ್ದೋ ಲೆಕ್ಕಕ್ಕೆ ಸೇರಿಹೋಗಿದೆಯೋ ಅಂದುಕೊಂಡಳು. ಗುಮಾಸ್ತ ಇಬ್ಬರು ಹೆಂಗಸರನ್ನು ಒಂದೇ ಮಾತಿನಲ್ಲಿ ಬರೆದ. ಅದು ಅವನ ಸೋಮಾರಿತನ. ಹಾಳೆ ಮಗುಚದೆ ಇದ್ದವಳು ತಾನು. ಹೆಂಗಸರ ಗುರುತು ಉಳಿಸುತ್ತೇನೆ ಎಂದು ಮೆರೆದವಳು, ಒಬ್ಬಳನ್ನು ಎರಡನೆಯ ಸಲ ಆಚೆ ಹಾಕಿದ್ದಳು. ಅವಳ ಅತ್ತೆ ಹಾಕಿದ್ದು ಮನೆಯಿಂದ, ತಾನು ಹಾಕಿದ್ದು ಮೊಮ್ಮಗಳ ಮಗಳ ಕೈಯ ಹೂವಿನಿಂದ.

ಟೈಲರಮ್ಮ ಕೇಳಿ ಅಳಬಹುದು. ಬೈಯಬಹುದು, ಅವರ ಬೈಗುಳ ಎಂಥದ್ದೆಂದು ಈ ಕಿಟಕಿಗೆ ಗೊತ್ತು. ಎಲ್ಲ ಕೇಳಿ, ಆದರೂ ಅಲ್ಲೇ ಮಲಗುತ್ತೇನೆ, ನಾನೇ ನೆಟ್ಟ ಹೂವಿದೆ ಅನ್ನಬಹುದು. ಅಥವಾ ಕಲ್ಲುಹಾಸಿನ ಒಂದು ಕಲ್ಲು ಕೀಳಿಸಿ ಅಂತ ಸಮಿತಿಯ ಬಾಗಿಲು ಬಡಿಯಬಹುದು. ಯಾವುದೆಂದು ತೀರ್ಮಾನಿಸುವುದು ಅವಳ ಕೆಲಸವಾಗಿರಲಿಲ್ಲ.

ಅವಳು ಕಾರ್ಡಿನ ಮೇಲೆ ಒಂದೇ ಗೆರೆ ಎಳೆದಳು. ಗೆರೆ ಕೊನೆಗೆ ಸ್ವಲ್ಪ ಕೆಳಗೆ ಬಾಗಿತು. ಪಕ್ಕದಲ್ಲಿ ಬರೆದಳು: 'ಕಮ್ಮಾರನ ವಿಧವೆ, ಕಿರಿಯಳು. ಹೊರಸಾಲು, ಗೇಟಿನ ಬಲಕ್ಕೆ. ಹಿಂದಿನ ಬದಿಯ ಬರವಣಿಗೆ ಕಂಡಿದ್ದರೂ ಹಾಳೆ ಮಗುಚಿ ನೋಡಲಿಲ್ಲ.' ಕೊನೆಯ ವಾಕ್ಯ ಬರೆಯಬೇಕೆಂಬ ನಿಯಮ ಎಲ್ಲೂ ಇರಲಿಲ್ಲ. ಕೆಳಗೆ ರಿಜಿಸ್ಟರಮ್ಮ ಎಂದಲ್ಲ, ಯಾರ ಹೆಂಡತಿ ಎಂದಲ್ಲ, ತನ್ನ ಪೂರ್ತಿ ಹೆಸರನ್ನು ಬರೆದು ರುಜು ಹಾಕಿದಳು.

ಬ್ಯಾಗಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಯಾರೆಂದು ನೋಡುವ ಅಗತ್ಯವಿರಲಿಲ್ಲ. ಅವಳು ಅದನ್ನು ಹೊಡೆದುಕೊಳ್ಳಲು ಬಿಟ್ಟು, ಉಯಿಲಿನ ಆ ಸಾಲುಗಳನ್ನೂ ಹಾಳೆಯ ಎರಡೂ ಬದಿಯನ್ನೂ ಒಂದು ಕಾಗದದಲ್ಲಿ ಬರೆದುಕೊಂಡು ನಾಲ್ಕಾಗಿ ಮಡಿಸಿದಳು. ಕಾರ್ಡನ್ನು ಡಬ್ಬಿಗೆ ಹಾಕದೆ ಕಾರ್ಯದರ್ಶಿಯ ಮೇಜಿನ ಮೇಲೆ, ಅವನ ಚಹಾದ ಲೋಟ ಇಡುವ ಜಾಗದಲ್ಲಿ ಇಟ್ಟಳು. ಬಾಗಿಲಿಗೆ ಬೀಗ ಹಾಕಿ, ಗೇಟಿನ ಬಲಬದಿಯ ಕಲ್ಲುಗಳನ್ನು ತುಳಿಯದಂತೆ ಸುತ್ತಿ ಬಳಸಿ, ಹೊಲಿಗೆ ಬೀದಿಯ ಕಡೆ ಹೊರಟಳು.